ಮೂವತ್ತೇಳು ಮೀಟರ್ ಹಗ್ಗ

ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಾತ್ರಿ ರಸ್ತೆ ಟ್ರ್ಯಾಕ್ಟರ್‌ಗಳದ್ದೇ. ಹಿಂದೆ ಎರಡು ಟ್ರೇಲರ್, ಜೋತುಬಿದ್ದ ಕಬ್ಬು, ಎಷ್ಟೋ ಗಾಡಿಗೆ ಹಿಂದಿನ ದೀಪವೇ ಇಲ್ಲ. ರಸ್ತೆ ಸುರಕ್ಷತೆಯ ಪಾಠ ಅಂತ ಇಲ್ಲಿನ ಹೈಸ್ಕೂಲು ಹುಡುಗರಿಗೆ ಸಿಗ್ನಲ್‌ನ ಮೂರು ಬಣ್ಣ ಹೇಳಿ ಏನು ಮಾಡೋದು? ಅವರೂರಲ್ಲಿ ಸಿಗ್ನಲ್ಲೇ ಇಲ್ಲ.

ಹೇಳಿಕೊಡುವವರು ಅವರ ವಾರಿಗೆಯವರೇ ಇರಲಿ. ಇಪ್ಪತ್ತು ಮಂದಿಗೆ ಒಬ್ಬ ಹುಡುಗ, ಒಬ್ಬ ಹುಡುಗಿ. ಎಡವಟ್ಟು ಆಗೋದು ಆಯ್ಕೆಯಲ್ಲೇ: ಮಾಸ್ತರರು ಮೊದಲ ನಂಬರಿನವರನ್ನು ಆರಿಸುತ್ತಾರೆ, ಹುಡುಗರು ಕೇಳೋದು ಕಬಡ್ಡಿ ಕ್ಯಾಪ್ಟನ್ ಮಾತು.

ಪಾಠ ಮೈದಾನದಲ್ಲಿ, ಕಾಲ್ನಡಿಗೆಯಲ್ಲೇ. ಬೈಕ್ ತರಿಸಬೇಡಿ, ತಂದರೆ ವೀಲಿಂಗೇ ಪಾಠವಾಗುತ್ತದೆ. 37 ಮೀಟರ್ ಹಗ್ಗ, ಸುಣ್ಣದ ಪುಡಿ, 30 ಸೆಂ.ಮೀ. ಸ್ಕೇಲ್ ಸಾಕು. ಒಬ್ಬ ಸ್ಕೇಲ್ ಬಿಡಲಿ, ಇನ್ನೊಬ್ಬ ಬೆರಳಲ್ಲಿ ಹಿಡಿಯಲಿ. 20 ಸೆಂ.ಮೀ. ಜಾರಿದರೆ 0.2 ಸೆಕೆಂಡ್. "ನಾ ಭಾಳ ಚುರುಕ" ಅಂತ ಬೀಗುತ್ತಾರೆ. ಸ್ಕೇಲ್ ಬೀಳೋದು ಮೊದಲೇ ಗೊತ್ತಿತ್ತಲ್ಲ! ರಸ್ತೆಯಲ್ಲಿ ಕಂಡು, ಗುರುತಿಸಿ, ಬ್ರೇಕ್ ಒತ್ತಲು ಒಂದು ಸೆಕೆಂಡಾದರೂ ಬೇಕು.

ಈಗ ಹಗ್ಗ ನೇರ ಹಾಸಿ. 60 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿಗೆ ಗಾಡಿ ಹೋಗೋದು 17 ಮೀಟರ್. ಅಲ್ಲಿ ಸುಣ್ಣದ ಗೆರೆ. ಇಲ್ಲಿವರೆಗೆ ಬ್ರೇಕೇ ಬಿದ್ದಿಲ್ಲ. ಒಣ ಡಾಂಬರಿನಲ್ಲಿ ನಿಲ್ಲಲು ಇನ್ನೂ ಸುಮಾರು 20, ಅಲ್ಲಿಗೆ ಹಗ್ಗ ಮುಗಿಯಿತು. ಈಗ 25 ಮೀಟರಿಗೆ ಒಬ್ಬನನ್ನು ನಿಲ್ಲಿಸಿ: ಟ್ರೇಲರ್ ಕಂಡಾಗ ಅದು ಇಷ್ಟೇ ದೂರ ಇದ್ದರೆ? ಗುದ್ದುವಾಗಲೂ ವೇಗ 45ರ ಆಸುಪಾಸು. 40ರಲ್ಲಿ ಬಂದವನು 20 ಮೀಟರಿಗೇ ನಿಂತಿರುತ್ತಾನೆ. ರಸ್ತೆ ಮೇಲೆ ರವದಿ (ಕಬ್ಬಿನ ಒಣ ಎಲೆ), ಮಣ್ಣು ಬಿದ್ದಿದ್ದರೆ ಈ ಲೆಕ್ಕವೂ ಸುಳ್ಳು.

ಹೆಲ್ಮೆಟ್‌ಗೆ ಒಂದೇ ಪರೀಕ್ಷೆ: ಪಟ್ಟಿ ಬಿಗಿದು ಹಿಂದಿನಿಂದ ಮುಂದಕ್ಕೆ ತಳ್ಳಿ, ಕಳಚಿ ಬಂದರೆ ಅದು ಟೋಪಿ.

18 ತುಂಬದವನು ಗಾಡಿ ಓಡಿಸಿ ಸಿಕ್ಕರೆ 2019ರ ತಿದ್ದುಪಡಿಯಂತೆ ಪಾಲಕರಿಗೋ ಮಾಲೀಕರಿಗೋ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು. ಇದನ್ನು ಪಾಲಕರ ಸಭೆಯಲ್ಲಿ ಹೇಳಿ. ಹುಡುಗರಿಗೆ ಹೇಳಿದರೆ ನಗುತ್ತಾರೆ.

ಕೊನೆಗೆ ಕೈಕೆಲಸ. ಟ್ರೇಲರ್ ಹಿಂಬದಿಗೆ ಹಚ್ಚಿದ ಕೆಂಪು ರಿಫ್ಲೆಕ್ಟರ್ ಟೇಪ್ ಜೋತ ಕಬ್ಬಿನಡಿ ಮುಚ್ಚಿಹೋಗುತ್ತದೆ. ಅದಕ್ಕೇ ಒರೆಸಿದ ಹಲಗೆಗೆ ಟೇಪ್ ಅಂಟಿಸಿ, ಕಬ್ಬಿನ ತುದಿಗೆ ಕಟ್ಟಬೇಕು. ಹೊಲದಲ್ಲೇ, ಇಂಜಿನ್ ಬಂದ್ ಮಾಡಿಸಿ, ಡ್ರೈವರ್ ಕಾಕಾನನ್ನು ಕೇಳಿಕೊಂಡು. ಹಲಗೆಗೆ ಇನ್ನೊಂದು ಉದ್ದ ಹಗ್ಗ ಹಾಕಿ ಟ್ರೇಲರಿಗೂ ಬಿಗಿಯಿರಿ. ಇಲ್ಲದಿದ್ದರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸುವಾಗ ಅದೂ ಜೊತೆಗೇ ಹೋಗಿಬಿಡುತ್ತದೆ.