ಬೇಳೆ ಬೇಯದ ನೀರು, ಮಲಾವಿಯ ಮೀನು

ಕೋಲಾರದ ಕ್ಲಾಕ್ ಟವರ್‌ನಿಂದ ತುಸು ದೂರದ ಅಕ್ವೇರಿಯಂ ಅಂಗಡಿಯೊಂದರಲ್ಲಿ ಎಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೀನು ಮಾರುವುದಕ್ಕಿಂತ, ಮಾರಿದ ಮೇಲೆ ಮನೆಮನೆಗೆ ಹೋಗಿ ತೊಟ್ಟಿ ನೋಡಿಕೊಳ್ಳುವುದೇ ನನ್ನ ಪಾಲಿನ ಕೆಲಸ. ನನ್ನ ಕೈಯಲ್ಲಿ ಸತ್ತ ಮೀನುಗಳಿಗೆಲ್ಲ ಲೆಕ್ಕವಿಟ್ಟಿಲ್ಲ. ಬಂಗಾರಪೇಟೆಯ ನಿವೃತ್ತ ಮೇಷ್ಟರ ಮನೆಯಲ್ಲಿ ಸತ್ತ ಒಂಬತ್ತನ್ನು ಮಾತ್ರ ಮರೆತಿಲ್ಲ.

ಅವರು ಕೊಂಡದ್ದು ಎಲೆಕ್ಟ್ರಿಕ್ ಯೆಲ್ಲೋ ಎಂಬ ಸಿಕ್ಲಿಡ್. ನಿಂಬೆಹಣ್ಣಿನ ಬಣ್ಣ, ಬೆನ್ನಿನ ರೆಕ್ಕೆಗೆ ಕಾಡಿಗೆ ತೀಡಿದಂಥ ಕಪ್ಪು ಗೆರೆ. ಮೂಲ ಆಫ್ರಿಕಾದ ಮಲಾವಿ ಸರೋವರ. (ನಮ್ಮ ಕೆರೆಗಳ ಜಿಲೇಬಿ ಮೀನೂ ಇದೇ ಸಿಕ್ಲಿಡ್ ಕುಟುಂಬದ್ದು ಎಂದರೆ ಗಿರಾಕಿಗಳು ನಂಬುವುದಿಲ್ಲ.) ಮೂರಡಿಯ ತೊಟ್ಟಿ, ಸುಮಾರು 130 ಲೀಟರ್ ನೀರು, ಹನ್ನೆರಡು ಮೀನು. ಯಾವ ನೀರು ಹಾಕಲಿ ಎಂದು ಕೇಳಿದಾಗ, "ಬೋರ್‌ವೆಲ್ ನೀರು ಬೇಡ ಮೇಷ್ಟ್ರೇ, ಕ್ಯಾನ್ ನೀರನ್ನೇ ಹಾಕಿ" ಎಂದುಬಿಟ್ಟೆ. ಬೇಳೆ ಬೇಯದ, ಸೋಪು ನೊರೆ ಬಿಡದ, ಬಕೆಟ್ಟಿಗೆ ಬಿಳಿ ಕರೆ ಕಟ್ಟುವ ನೀರು ನಮ್ಮದು. ಸಾಲದ್ದಕ್ಕೆ ಫ್ಲೋರೈಡ್ ಬೇರೆ. ನಮಗೇ ಆಗದ್ದು ಮೀನಿಗೆ ಆದೀತೇ ಎಂಬುದು ನನ್ನ ತರ್ಕ.

ಮೂರು ತಿಂಗಳು ಎಲ್ಲವೂ ಚೆನ್ನಾಗಿತ್ತು. ನಾಲ್ಕನೆಯ ತಿಂಗಳು ಮೀನುಗಳು ರೆಕ್ಕೆ ಮುದುರಿಕೊಂಡು ಮೂಲೆ ಹಿಡಿದವು. ಹೋಗಿ ನೋಡಿದರೆ ನೀರು ಕನ್ನಡಿಯಂತಿತ್ತು. ಬಂಗಾರಪೇಟೆಯ ಪಾನಿಪುರಿಯ ನೀರು ನೋಡಲು ಬರೀ ನೀರು, ಬಾಯಿಗಿಟ್ಟರೆ ಗೊತ್ತಾಗುತ್ತದೆ ಅದರ ಖಾರ. ಅದನ್ನು ವಾರಕ್ಕೊಮ್ಮೆ ತಿನ್ನುವ ನನಗೆ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ. ತಳದ ಕೊಳೆಯೇ ಕಾರಣವೆಂದುಕೊಂಡು ಅರ್ಧ ನೀರು ತೆಗೆದೆ. ಅಂದು ಕ್ಯಾನ್ ಬಂದಿರಲಿಲ್ಲ. ಸಂಪಿನಿಂದ ಬೋರ್‌ವೆಲ್ ನೀರನ್ನೇ ತುಂಬಿಸಿ ಬಂದೆ.

ಬೆಳಿಗ್ಗೆ ಮೇಷ್ಟರ ಫೋನ್: "ಒಂದು ಸಲ ಬಂದು ಹೋಗಪ್ಪಾ." ಅಷ್ಟೇ. ಹೋದಾಗ ಒಂಬತ್ತು ತೇಲುತ್ತಿದ್ದವು. ಉಳಿದ ಮೂರು ಮೇಲ್ಮೈಗೆ ಬಾಯಿಯೊಡ್ಡಿ ಏದುಸಿರು ಬಿಡುತ್ತಿದ್ದವು.

ಹಿತ್ತಿಲಲ್ಲಿ, ಕರಿಬೇವಿನ ಗಿಡಕ್ಕೆಂದು ಎತ್ತಿಟ್ಟಿದ್ದ ಹಳೆಯ ನೀರಿನ ಬಕೆಟ್ ಹಾಗೆಯೇ ಇತ್ತು. ಅದರಿಂದ ಸ್ವಲ್ಪ ಪರೀಕ್ಷೆಯ ಸೀಸೆಗೆ ಹಾಕಿ ಪಿಎಚ್ ದ್ರಾವಣದ ಹನಿ ಬಿಟ್ಟೆ. ಪಿಎಚ್ ಎಂದರೆ ನೀರಿನ ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ನೀಲಿಯಾಗಬೇಕಿದ್ದ ನೀರು ಹಳದಿಯಾಯಿತು: 6, ಅಥವಾ ಅದಕ್ಕೂ ಕೆಳಗೆ. ಮಲಾವಿಯ ಮೀನಿಗೆ ಬೇಕಾದದ್ದು 7.8ರಿಂದ 8.6. ಅಮೋನಿಯಾದ ಸೀಸೆ ಕಡುಹಸಿರಿಗೆ ತಿರುಗಿತು, ಎಂದರೆ ಅಮೋನಿಯಾ ವಿಪರೀತ.

ನಡೆದದ್ದು ಇಷ್ಟು. ಮೀನಿನ ಹೇಸಿಗೆಯಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಗಡಸು ನೀರಿನ ಕಾರ್ಬೊನೇಟ್ ಅದನ್ನು ನುಂಗಿಕೊಳ್ಳುತ್ತದೆ. ಲವಣಗಳನ್ನು ಸೋಸಿ ತೆಗೆಯುವ ಆರ್‌ಒ ಘಟಕದಿಂದ ಬಂದ ಕ್ಯಾನ್ ನೀರಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲ. ಪಿಎಚ್ ಇಳಿಯುತ್ತ ಹೋಯಿತು, ಬ್ಯಾಕ್ಟೀರಿಯಾಗಳು ಸೊರಗಿದವು, ಅಮೋನಿಯಾ ಕೂಡಿಕೊಂಡಿತು. ಆಮ್ಲೀಯ ನೀರಿನಲ್ಲಿ ಅದು ಬಹುಪಾಲು ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿರುವುದರಿಂದ ಮೀನುಗಳು ಹೇಗೋ ಜೀವ ಹಿಡಿದುಕೊಂಡಿದ್ದವು. ಪಿಎಚ್ 6ರಿಂದ 8ಕ್ಕೆ ಏರಿದರೆ ವಿಷರೂಪದ ಅಮೋನಿಯಾದ ಪಾಲು ಸುಮಾರು ನೂರು ಪಟ್ಟಾಗುತ್ತದೆ. ನಾನು ಸುರಿದ ಬೋರ್‌ವೆಲ್ ನೀರು ಒಂದೇ ಸಂಜೆಯಲ್ಲಿ ಆ ಏರಿಕೆಯನ್ನು ಮಾಡಿಕೊಟ್ಟಿತು. ಮೊದಲ ದಿನದಿಂದ ಹಾಕಿದ್ದರೆ ಅದೇ ನೀರು ಅವುಗಳನ್ನು ಕಾಯುತ್ತಿತ್ತು.

ಈಗ ಮೀನು ಮಂಕಾದ ತೊಟ್ಟಿ ಕಂಡರೆ ಕೈ ಅದ್ದುವ ಮೊದಲು ಎರಡೂ ಪರೀಕ್ಷೆ ಮಾಡುತ್ತೇನೆ. ಪಿಎಚ್ ಕುಸಿದಿದ್ದರೆ ಅಮೋನಿಯಾ ಕಟ್ಟಿಹಾಕುವ ದ್ರಾವಣ ಬೆರೆಸಿ, ದಿನಕ್ಕೆ ಹತ್ತನೇ ಒಂದು ಪಾಲಿನಷ್ಟೇ ನೀರು ಬದಲಿಸುತ್ತೇನೆ. ಮಲಾವಿ ಸಿಕ್ಲಿಡ್‌ಗಳಿಗೆ ಬೋರ್‌ವೆಲ್ ನೀರನ್ನೇ ಹೇಳುತ್ತೇನೆ. ಡ್ರಮ್ಮಿನಲ್ಲಿ ಒಂದು ರಾತ್ರಿ ಗಾಳಿಯಾಡಿಸಿ ಬಳಸಬೇಕು, ಏಕೆಂದರೆ ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ನಲ್ಲಿಯ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಬೇಕು. ಅಮೆಜಾನಿನ ಡಿಸ್ಕಸ್ ಕೇಳುವವರಿಗೆ ಮಾತ್ರ ಕ್ಯಾನ್ ನೀರು, ಅದೂ ಸ್ವಲ್ಪ ಬೋರ್‌ವೆಲ್ ನೀರು ಬೆರೆಸಿ. ಅದೂ ಸಿಕ್ಲಿಡ್ಡೇ, ಆದರೆ ಮೆದು ನೀರಿನದು.

ಮಿಕ್ಕದ್ದು ಗೊತ್ತಿರುವಂಥದ್ದೇ: ಅವಿತುಕೊಳ್ಳಲು ಕಲ್ಲುಗಳ ರಾಶಿ, ಒಂದು ಗಂಡಿಗೆ ಮೂರು ಹೆಣ್ಣು, 24ರಿಂದ 27 ಡಿಗ್ರಿ ಶಾಖ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ತೊಟ್ಟಿಯದೇ ನೀರಿನಲ್ಲಿ ಹಿಂಡಿ.

ಮೇಷ್ಟರ ತೊಟ್ಟಿಗೆ ಒಂಬತ್ತು ಹೊಸ ಮೀನುಗಳನ್ನು ನಾನೇ ಕೊಟ್ಟೆ, ಫಿಲ್ಟರ್ ಚೇತರಿಸಿಕೊಳ್ಳಲು ಐದು ವಾರ ಬಿಟ್ಟು. ದುಡ್ಡನ್ನು ಅಂಗಡಿಯವರು ನನ್ನ ಸಂಬಳದಲ್ಲಿ ಹಿಡಿದುಕೊಂಡರು. ಮೊನ್ನೆ ಮೇಷ್ಟರ ಫೋನ್ ಬಂತು: "ಒಂದು ಮೀನಿಗೆ ಗಂಟಲು ಊದಿದೆ, ಊಟ ಬಿಟ್ಟಿದೆ. ಮತ್ತೆ ಏನಾಯಿತಪ್ಪಾ?" ಹೆಣ್ಣು ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದೆ, ಮೂರು ವಾರ ಹಾಗೆಯೇ ಇರುತ್ತದೆ, ಬಲೆ ಹಾಕಬೇಡಿ ಎಂದೆ. ಅವರು ನಂಬದೆ, ಪಿಎಚ್ ನೋಡಿ ಮತ್ತೆ ಕರೆ ಮಾಡಿದರು. ಎಂಟು ಇತ್ತಂತೆ.