ವೀಸಾ ಮುಗಿಯುತ್ತಾ ಬಂತು, ಕಚೇರಿಯಿಂದ ಉತ್ತರವಿಲ್ಲ: ಜರ್ಮನಿಯಲ್ಲಿರುವ ನಮ್ಮವರಿಗೆ

ವೀಸಾ ಮುಗಿಯಲು ಇನ್ನು ಮೂರು ವಾರ. ವಿದೇಶಿಯರ ಕಚೇರಿಗೆ, ಅಂದರೆ ಔಸ್‌ಲೆಂಡರ್‌ಬೆಹೋರ್ಡೆಗೆ, ನಾಲ್ಕು ಇಮೇಲ್ ಹೋಗಿವೆ. ಬಂದಿರುವುದು ‘ನಿಮ್ಮ ಪತ್ರ ತಲುಪಿದೆ’ ಎಂಬ ತಂತಾನೇ ಬರುವ ಉತ್ತರ ಮಾತ್ರ. ಆನ್‌ಲೈನ್ ಕ್ಯಾಲೆಂಡರಿನಲ್ಲಿ ಒಂದೂ ಅಪಾಯಿಂಟ್‌ಮೆಂಟ್ ಖಾಲಿ ಇಲ್ಲ. ಎಚ್‌ಆರ್‌ನವರು ದಿನ ಬಿಟ್ಟು ದಿನ ‘ಹೊಸ ವಾಸ್ತವ್ಯದ ಕಾರ್ಡ್ ಬಂತಾ?’ ಎಂದು ಕೇಳುತ್ತಿದ್ದಾರೆ. ಕೆಲಸಕ್ಕೋ ಓದಿಗೋ ಜರ್ಮನಿಗೆ ಬಂದವರಲ್ಲಿ ಈ ಸಂಕಟ ತಿಳಿಯದವರು ಕಡಿಮೆ. ಇಂಥ ಹೊತ್ತಿನಲ್ಲಿ ಯಾವ ಕಾಗದ ಕೈಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎನ್ನುವುದು ಗೊತ್ತಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತದೆ.

ಮೊದಲು ತಿಳಿಯಬೇಕಾದದ್ದು ಇದು: ಹಳೆಯ ವೀಸಾ ಮುಗಿಯುವುದರೊಳಗೆ ಹೊಸ ಕಾರ್ಡ್ ಕೈಯಲ್ಲಿರಬೇಕು ಎಂದು ಕಾನೂನು ಹೇಳುವುದಿಲ್ಲ. ಅಷ್ಟರೊಳಗೆ ಅರ್ಜಿ ಕಚೇರಿ ಸೇರಿರಬೇಕು, ಅಷ್ಟೇ. ಜರ್ಮನಿಯ ವಾಸ್ತವ್ಯ ಕಾಯ್ದೆಯ ಸೆಕ್ಷನ್ 81, ಉಪವಿಭಾಗ 4ರ ಪ್ರಕಾರ ಸಮಯದೊಳಗೆ ಅರ್ಜಿ ಹಾಕಿದವರ ಹಳೆಯ ಪರವಾನಗಿ, ಕಚೇರಿ ತೀರ್ಮಾನ ಹೇಳುವವರೆಗೂ ಚಾಲ್ತಿಯಲ್ಲಿದೆ ಎಂದೇ ಲೆಕ್ಕ. ಭಾರತದಿಂದ ತಂದ ದೀರ್ಘಾವಧಿಯ ‘ಡಿ’ ವೀಸಾಕ್ಕೂ ಇದು ಅನ್ವಯಿಸುತ್ತದೆ. ಪ್ರವಾಸದ ಶೆಂಗೆನ್ ‘ಸಿ’ ವೀಸಾಕ್ಕೆ ಮಾತ್ರ ಇಲ್ಲ.

ಎಡವುವುದು ‘ಅರ್ಜಿ’ ಎಂಬ ಪದದ ಹತ್ತಿರ. ಅಪಾಯಿಂಟ್‌ಮೆಂಟ್‌ಗೆ ಹುಡುಕಾಡಿದ್ದು ಅರ್ಜಿಯಲ್ಲ. ಫೋನಿನಲ್ಲಿ ಯಾರೋ ‘ಪರವಾಗಿಲ್ಲ, ಕಾಯಿರಿ’ ಅಂದದ್ದು ಅರ್ಜಿಯಲ್ಲ. ‘ಅಪಾಯಿಂಟ್‌ಮೆಂಟ್ ಕೊಡಿ’ ಎಂಬ ಇಮೇಲನ್ನು ಒಂದು ಊರಿನವರು ಅರ್ಜಿ ಎಂದು ಒಪ್ಪಬಹುದು, ಪಕ್ಕದ ಊರಿನವರು ಒಪ್ಪದಿರಬಹುದು. ದೇಶದಲ್ಲಿ ಇಂಥ ಕಚೇರಿಗಳು ಐನೂರಕ್ಕೂ ಹೆಚ್ಚಿವೆ. ಕಾಯ್ದೆ ಒಂದೇ ಆದರೂ ನಡೆಸುವವರು ಆಯಾ ನಗರ, ಜಿಲ್ಲೆಯ ಆಡಳಿತದವರು. ಬರ್ಲಿನ್‌ನಲ್ಲಿರುವ ಗೆಳೆಯನಿಗೆ ನಡೆದದ್ದು ಸ್ಟುಟ್‌ಗಾರ್ಟ್‌ನಲ್ಲಿ ನಿಮಗೂ ನಡೆಯುತ್ತದೆ ಎಂದು ನಂಬಿ ಕೂರಬಾರದು.

ಆದ್ದರಿಂದ ಬರೆದೇ ಅರ್ಜಿ ಹಾಕಿ. ನಿಮ್ಮ ಊರಿನ ಕಚೇರಿಗೆ ಆನ್‌ಲೈನ್ ಪೋರ್ಟಲ್ ಇದ್ದರೆ ಅಲ್ಲೇ ಹಾಕಿ, ಕೊನೆಯಲ್ಲಿ ಸಿಗುವ ಸ್ವೀಕೃತಿಯ ಪಿಡಿಎಫ್ ಇಳಿಸಿಕೊಳ್ಳಿ. ಬ್ರೌಸರ್ ಮುಚ್ಚಿದ ಮೇಲೆ ಅದು ಮತ್ತೆ ಸಿಗದಿರಬಹುದು. ಪೋರ್ಟಲ್ ಇಲ್ಲದಿದ್ದರೆ ಒಂದು ಪುಟದ ಪತ್ರ ಸಾಕು: ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ನೋಂದಾಯಿಸಿದ ವಿಳಾಸ, ಈಗಿನ ಪರವಾನಗಿ ಮುಗಿಯುವ ದಿನ, ಯಾವ ಪರವಾನಗಿಗೆ ಅರ್ಜಿ ಎಂಬ ಒಂದು ವಾಕ್ಯ, ಮತ್ತು ‘ತೀರ್ಮಾನ ಆಗುವವರೆಗೆ ಫಿಕ್‌ಟ್ಸಿಯೋನ್ಸ್‌ಬೆಶೈನಿಗುಂಗ್ ಕೊಡಬೇಕಾಗಿ ವಿನಂತಿ’ ಎಂಬ ಇನ್ನೊಂದು ವಾಕ್ಯ (ಅರ್ಜಿ ತೀರ್ಮಾನ ಆಗುವವರೆಗೆ ಕಚೇರಿ ಕೊಡುವ ತಾತ್ಕಾಲಿಕ ಪ್ರಮಾಣಪತ್ರ ಅದು). ಕೆಳಗೆ ಸಹಿ. ಪಾಸ್‌ಪೋರ್ಟ್, ಹಳೆಯ ವೀಸಾ, ಕೆಲಸದ ಕರಾರು, ಕೊನೆಯ ಮೂರು ತಿಂಗಳ ಸ್ಯಾಲರಿ ಸ್ಲಿಪ್, ಆರೋಗ್ಯ ವಿಮೆಯ ಪತ್ರ, ಬಾಡಿಗೆ ಕರಾರು, ಇವುಗಳ ಝೆರಾಕ್ಸ್ ಲಗತ್ತಿಸಿ. ಯಾವುದಾದರೂ ಒಂದು ಸಿಕ್ಕಿಲ್ಲವೆಂದು ಕಾಯಬೇಡಿ. ‘ನಂತರ ಕಳಿಸುತ್ತೇನೆ’ ಎಂದು ಬರೆದು ಅರ್ಜಿಯನ್ನು ಮಾತ್ರ ಸಮಯಕ್ಕೆ ಮುಟ್ಟಿಸಿ.

ಕಳಿಸುವ ದಾರಿಯೂ ಮುಖ್ಯ. ಅಂಚೆಯಲ್ಲಾದರೆ ಐನ್‌ವುರ್ಫ್ ಐನ್‌ಶ್ರೈಬನ್, ಅಂದರೆ ಪೋಸ್ಟ್‌ಮ್ಯಾನ್ ಪೆಟ್ಟಿಗೆಗೆ ಹಾಕಿ ದಿನಾಂಕ ದಾಖಲಿಸುವ ರಿಜಿಸ್ಟರ್ಡ್ ಪೋಸ್ಟ್. ಖರ್ಚು ಮೂರು-ನಾಲ್ಕು ಯೂರೊ. ಫ್ಯಾಕ್ಸ್ ಕೂಡ ನಡೆಯುತ್ತದೆ. ಹೋಯಿತು ಎಂದು ತೋರಿಸುವ ವರದಿಯನ್ನು ಅರ್ಜಿಯ ಜೊತೆಗೇ ಪಿನ್ ಮಾಡಿಡಿ. ಕೊನೆಯ ದಿನವೇ ಆಗಿದ್ದರೆ ಸ್ನೇಹಿತರೊಬ್ಬರನ್ನು ಕರೆದುಕೊಂಡು ಹೋಗಿ ಕಚೇರಿಯ ಲೆಟರ್ ಬಾಕ್ಸಿಗೆ ಹಾಕಿ, ಹಾಕಿದ ದಿನ ಮತ್ತು ಗಂಟೆಯನ್ನು ಅವರ ಸಹಿಯೊಂದಿಗೆ ಬರೆದಿಟ್ಟುಕೊಳ್ಳಿ. ದಿನ ದಾಟಿಯೇ ಹೋಗಿದ್ದರೂ ಕೈಚೆಲ್ಲಬೇಡಿ. ತಡವಾದ ಅರ್ಜಿಗೂ ಈ ರಕ್ಷಣೆ ಕೊಡುವ ಅಧಿಕಾರ ಕಚೇರಿಗೆ ಅದೇ ಸೆಕ್ಷನ್‌ನಲ್ಲಿದೆ. ಕಾರಣವನ್ನು ಪ್ರಾಮಾಣಿಕವಾಗಿ ಬರೆದು ಅದೇ ದಿನ ಕಳಿಸಿ.

ಇನ್ನು ಫಿಕ್‌ಟ್ಸಿಯೋನ್ಸ್‌ಬೆಶೈನಿಗುಂಗ್. ಉಚ್ಚಾರಣೆಗೆ ಕಷ್ಟ, ಉಪಯೋಗಕ್ಕೆ ದೊಡ್ಡದು. ಮಡಚುವ ಕಾಗದ, ಶುಲ್ಕ 13 ಯೂರೊ. ಕಾಯ್ದೆಯಿಂದ ನಿಮಗೆ ಆಗಲೇ ಸಿಕ್ಕಿರುವ ಹಕ್ಕಿಗೆ ಇದು ಪುರಾವೆ. ಎಚ್‌ಆರ್‌ನವರು ಇದಕ್ಕಾಗಿ ಒತ್ತಾಯಿಸುವುದು ಸುಮ್ಮನೆ ಅಲ್ಲ: ನೌಕರರ ಪರವಾನಗಿಯ ಪ್ರತಿ ಇಟ್ಟುಕೊಳ್ಳುವುದು ಕಂಪನಿಯ ಕಾನೂನುಬದ್ಧ ಹೊಣೆ, ಪರವಾನಗಿ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡರೆ ದಂಡ ಬೀಳುವುದು ಅವರಿಗೆ. ಕಾಗದ ಇನ್ನೂ ಬಾರದಿದ್ದರೆ ಅರ್ಜಿಯ ಸ್ವೀಕೃತಿಯನ್ನೂ ಸೆಕ್ಷನ್ 81ರ ಉಲ್ಲೇಖವನ್ನೂ ಒಟ್ಟಿಗೆ ಅವರ ಮುಂದಿಡಿ. ಎಷ್ಟೋ ಕಂಪನಿಗಳು ಅಷ್ಟಕ್ಕೇ ಸಮಾಧಾನ ಪಡುತ್ತವೆ.

ಅದು ಕೈಗೆ ಬಂದ ಕೂಡಲೇ 3ನೇ ಪುಟ ತೆರೆಯಿರಿ. ಅಲ್ಲಿ ಚೌಕಗಳಿವೆ, ಒಂದಕ್ಕೆ ಗುರುತು ಹಾಕಿರುತ್ತಾರೆ. ಮೂರನೆಯ ಚೌಕಕ್ಕೆ, ಅಂದರೆ 81ರ ಉಪವಿಭಾಗ 4ಕ್ಕೆ, ಗುರುತಿದ್ದರೆ ಊರಿಗೆ ಹೋಗಿ ವಾಪಸ್ ಬರಬಹುದು. ಉಪವಿಭಾಗ 3ರ ಚೌಕಕ್ಕೆ ಗುರುತಿದ್ದರೆ ಅದನ್ನು ನಂಬಿ ದೇಶ ಬಿಡಬೇಡಿ, ವಾಪಸ್ ಬರಲು ಹೊಸ ವೀಸಾ ಬೇಕಾಗುತ್ತದೆ. ಮದುವೆ, ಗೃಹಪ್ರವೇಶ, ಅಪ್ಪ ಅಮ್ಮನ ಆಸ್ಪತ್ರೆ ಎಂದು ಅವಸರದಲ್ಲಿ ಟಿಕೆಟ್ ತೆಗೆಯುವಾಗ ನೋಡಬೇಕಾದದ್ದು ಈ ಒಂದು ಚೌಕ. ಪ್ರಯಾಣಕ್ಕೆ ಪಾಸ್‌ಪೋರ್ಟ್, ಅವಧಿ ಮುಗಿದ ಹಳೆಯ ಕಾರ್ಡ್ ಅಥವಾ ವೀಸಾ, ಈ ಕಾಗದ, ಮೂರೂ ಜೊತೆಗಿರಬೇಕು. ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುವ ಸಂದರ್ಭ ಬರಬಹುದು. ಅರ್ಧ ಗಂಟೆ ಮುಂಚೆ ಹೋಗಿ. ಸಾಧ್ಯವಾದರೆ ಬೇರೆ ದೇಶದಲ್ಲಿ ಇಳಿದು ಹತ್ತುವ ಟಿಕೆಟ್ ಬಿಟ್ಟು ನೇರ ಜರ್ಮನಿಗೆ ಬರುವುದನ್ನೇ ತೆಗೆದುಕೊಳ್ಳಿ.

ಓದು ಮುಗಿಸಿ ಕೆಲಸ ಹಿಡಿದವರಿಗೆ ಇಲ್ಲೊಂದು ಎಚ್ಚರಿಕೆ. ಮುಂದುವರಿಯುವುದು ಹಳೆಯ ಪರವಾನಗಿ, ಅದರ ಹಳೆಯ ಷರತ್ತುಗಳ ಸಮೇತ. ವಿದ್ಯಾರ್ಥಿ ಪರವಾನಗಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ಮಿತಿ ಇದ್ದರೆ, ಅರ್ಜಿ ಹಾಕಿದ ಮಾತ್ರಕ್ಕೆ ಆ ಮಿತಿ ಹೋಗುವುದಿಲ್ಲ. ಫುಲ್‌ಟೈಮ್ ಕೆಲಸಕ್ಕೆ ಸೇರುವ ಮುನ್ನ, ಕೆಲಸಕ್ಕೆ ಅನುಮತಿ ಇದೆ ಎಂಬ ಮಾತು ಕಚೇರಿ ಕೊಟ್ಟ ಕಾಗದದ ಮೇಲೇ ಇದೆಯಾ ನೋಡಿ.

ಅರ್ಜಿ ಹಾಕಿ ವಾರಗಳಾದರೂ ಸುದ್ದಿ ಇಲ್ಲದಿದ್ದರೆ ದಿನಕ್ಕೊಂದು ಇಮೇಲ್ ಕಳಿಸಬೇಡಿ. ಪ್ರತಿಯೊಂದೂ ಸರದಿಯಲ್ಲಿ ಹೊಸ ಪತ್ರವಾಗಿ ನಿಲ್ಲುತ್ತದೆ. ನಾಲ್ಕು ವಾರಕ್ಕೊಮ್ಮೆ, ಫೈಲ್ ಸಂಖ್ಯೆ ಮತ್ತು ಜನ್ಮದಿನಾಂಕ ವಿಷಯದ ಸಾಲಿನಲ್ಲೇ ಇರುವಂತೆ, ‘ಅರ್ಜಿಯ ಸ್ಥಿತಿ ಏನು, ಯಾವ ದಾಖಲೆ ಬಾಕಿ’ ಎಂದು ಎರಡು ಸಾಲು ಸಾಕು. ಅಪಾಯಿಂಟ್‌ಮೆಂಟ್ ದುಡ್ಡಿಗೆ ಮಾರುವವರ ಹತ್ತಿರ ಹೋಗಲೇಬೇಡಿ, ಅದು ಕಚೇರಿಯಲ್ಲಿ ಪುಕ್ಕಟೆ ಸಿಗುವ ವಸ್ತು.

ಮೂರು ತಿಂಗಳು ದಾಟಿತೋ, ಇನ್ನೊಂದು ಬಾಗಿಲು ತೆರೆಯುತ್ತದೆ. ಕಚೇರಿ ಸುಮ್ಮನೆ ಕೂತಿದೆ ಎಂದು ಆಡಳಿತ ನ್ಯಾಯಾಲಯಕ್ಕೆ ಹೋಗುವ ಹಕ್ಕು ಇದು, ಹೆಸರು ಉನ್‌ಟೇಟಿಗ್‌ಕೈಟ್ಸ್‌ಕ್ಲಾಗೆ. ನಮ್ಮಲ್ಲಿ ಹೆಚ್ಚಿನವರು ಕೋರ್ಟು ಎಂದ ಕೂಡಲೇ ಹೆದರಿ ಹಿಂದೆ ಸರಿಯುತ್ತಾರೆ. ‘ಮೇಲೆ ದೂರು ಕೊಟ್ಟರೆ ಅರ್ಜಿಯನ್ನೇ ತಿರಸ್ಕರಿಸಿಬಿಟ್ಟರೆ?’ ಎಂಬ ಭಯ. ಕಾಯ್ದೆಯೇ ಇಟ್ಟಿರುವ ಮಾಮೂಲು ದಾರಿ ಇದು, ಹಗೆ ಸಾಧಿಸುವುದಲ್ಲ. ಮೊದಲು ಎರಡು ವಾರದ ಗಡುವು ಕೊಟ್ಟು, ಆಮೇಲೆ ಕೋರ್ಟಿಗೆ ಹೋಗುವೆ ಎಂದು ರಿಜಿಸ್ಟರ್ಡ್ ಪತ್ರ ಬರೆಯಿರಿ. ಆ ಪತ್ರಕ್ಕೇ ಫೈಲ್ ಕದಲಬಹುದು. ಕದಲದಿದ್ದರೆ, ಈ ನ್ಯಾಯಾಲಯದ ಮೊದಲ ಹಂತಕ್ಕೆ ವಕೀಲರು ಕಡ್ಡಾಯವಲ್ಲ. ಅಲ್ಲಿನ ಸಿಬ್ಬಂದಿಯ ಮುಂದೆ ಹೇಳಿ ಬರೆಸಬಹುದು, ಆದರೆ ಜರ್ಮನ್‌ನಲ್ಲೇ. ಕೋರ್ಟ್ ಶುಲ್ಕ ಮೊದಲು ನೀವೇ ಕಟ್ಟಬೇಕು. ತೀರ್ಮಾನವನ್ನು ನಿರೀಕ್ಷಿಸುವ ಹಕ್ಕು ನಿಮಗಿದ್ದೂ ಕಚೇರಿ ಸಕಾರಣವಿಲ್ಲದೆ ತಡ ಮಾಡಿದ್ದರೆ ಆ ಖರ್ಚು ಕಚೇರಿಯ ಮೇಲೇ ಬೀಳುತ್ತದೆ.

ಅಂಚೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಅರ್ಜಿಗಳು ಹಾಳಾಗುವುದು ಇಲ್ಲೇ. ಲೆಟರ್ ಬಾಕ್ಸ್ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ, ಮನೆ ನಂಬರ್ ನೋಡಿ ಯಾರೂ ಹಾಕುವುದಿಲ್ಲ. ಸಬ್‌ಲೆಟ್‌ನಲ್ಲಿರುವವರು ಮನೆಗೆ ಬಂದ ದಿನವೇ ಹೆಸರು ಅಂಟಿಸಿ. ಹಾಗೆ ವಾಪಸ್ ಹೋಗುವ ಪತ್ರಗಳಲ್ಲಿ 11 ಅಂಕಿಯ ತೆರಿಗೆ ಸಂಖ್ಯೆಯೂ ಒಂದು. ಅದನ್ನು ಫೋನಿನಲ್ಲಾಗಲೀ ಇಮೇಲಿನಲ್ಲಾಗಲೀ ಹೇಳುವುದಿಲ್ಲ, ನೋಂದಾಯಿತ ವಿಳಾಸಕ್ಕೆ ಅಂಚೆಯಲ್ಲೇ ಕಳಿಸುತ್ತಾರೆ. ಅದಿಲ್ಲದಿದ್ದರೆ ಸಂಬಳದಲ್ಲಿ 6ನೇ ತೆರಿಗೆ ವರ್ಗದ ಪ್ರಕಾರ ಹೆಚ್ಚು ಕಡಿತವಾಗಬಹುದು. ಸಂಖ್ಯೆ ಬಂದ ಮೇಲೆ ಸರಿಯಾಗುತ್ತದೆ, ಆದರೆ ಮನೆಯ ಅಡ್ವಾನ್ಸ್ ಕಟ್ಟಬೇಕಾದ ಮೊದಲ ತಿಂಗಳಲ್ಲೇ ಕೈ ಬರಿದಾಗುತ್ತದೆ.

ಸಾದಾ ಪತ್ರದಲ್ಲಿ ಬಂದ ಆದೇಶವನ್ನು, ಅಂಚೆಗೆ ಹಾಕಿದ ನಾಲ್ಕನೇ ದಿನ ತಲುಪಿತು ಎಂದು ಎಣಿಸುತ್ತಾರೆ. 2024ರ ಕೊನೆಯವರೆಗೆ ಮೂರನೇ ದಿನ ಇತ್ತು. ಕಚೇರಿಗಳು ಮುಖ್ಯ ಆದೇಶ ಕಳಿಸುವ ಹಳದಿ ಲಕೋಟೆಯದು ಬೇರೆ. ಪೋಸ್ಟ್‌ಮ್ಯಾನ್ ಅದರ ಮೇಲೆ ದಿನಾಂಕ ಬರೆದು ಪೆಟ್ಟಿಗೆಗೆ ಹಾಕಿದ ಆ ದಿನವೇ ತಲುಪಿದಂತೆ. ನೀವು ಆಗ ಹುಬ್ಬಳ್ಳಿಯಲ್ಲಿದ್ದರೂ ಗಡುವು ಓಡುತ್ತಿರುತ್ತದೆ. ರಜೆಗೆ ಹೋಗುವಾಗ ನಂಬಿಕಸ್ಥರೊಬ್ಬರಿಗೆ ಪೆಟ್ಟಿಗೆಯ ಬೀಗದ ಕೈ ಕೊಟ್ಟು, ಹಳದಿ ಲಕೋಟೆ ಬಂದರೆ ಅವತ್ತೇ ಫೋಟೊ ಕಳಿಸಲು ಹೇಳಿ. ಲಕೋಟೆಯನ್ನೂ ಬಿಸಾಡಬಾರದು, ದಿನಾಂಕ ಇರುವುದು ಅದರ ಮೇಲೆ. ‘ಆನ್‌ಹೋರುಂಗ್’ ಎಂಬ ತಲೆಬರಹದ ಪತ್ರ ಬಂದರೆ ಅರ್ಜಿ ತಿರಸ್ಕಾರವಾಯಿತೆಂದು ಎದೆಗುಂದಬೇಡಿ. ತಿರಸ್ಕರಿಸುವ ಮುನ್ನ ನಿಮ್ಮ ಮಾತು ಕೇಳುವ ಹಂತ ಅದು. ಗಡುವಿನೊಳಗೆ ಉತ್ತರ, ಬಾಕಿ ದಾಖಲೆ ಕೊಟ್ಟರೆ ಫೈಲ್ ಉಳಿಯುವ ಅವಕಾಶ ಇನ್ನೂ ಇದೆ.

ನಮ್ಮ ಕಡೆಯವರಿಗೇ ವಿಶೇಷವಾಗಿ ಕಾಡುವುದು ಹೆಸರು. ಇನಿಷಿಯಲ್ ಬಿಡಿಸಿ, ತಂದೆಯ ಹೆಸರನ್ನೂ ಸೇರಿಸಿ ಎಲ್ಲವನ್ನೂ ಗಿವನ್ ನೇಮ್‌ನಲ್ಲಿ ಬರೆದು ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟ್‌ಗಳು ಬಹಳ. ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲು ನೋಡಿ, ಯಂತ್ರ ಓದುವುದು ಅದನ್ನೇ. ಸರ್‌ನೇಮ್ ಇದ್ದರೆ ಅದು ಮೊದಲು ಬಂದು, ಎರಡು ಬಾಣದ ಗುರುತಾಗಿ, ಆಮೇಲೆ ಗಿವನ್ ನೇಮ್ ಬರುತ್ತದೆ. ಸರ್‌ನೇಮ್ ಖಾಲಿ ಇದ್ದರೆ ‘ಮಂಜುನಾಥ’, ‘ಶಿವಣ್ಣ’ ಎರಡರ ನಡುವೆ ಒಂದೇ ಬಾಣ. ಯಂತ್ರದ ಲೆಕ್ಕದಲ್ಲಿ ಎರಡೂ ಸೇರಿ ಸರ್‌ನೇಮ್, ಮೊದಲ ಹೆಸರೇ ಇಲ್ಲ. ಆಮೇಲೆ ವಾಸ್ತವ್ಯದ ಕಾರ್ಡಿನಲ್ಲಿ ಒಂದು ರೀತಿ, ಬ್ಯಾಂಕಿನಲ್ಲಿ ಒಂದು ರೀತಿ, ವಿಮೆಯಲ್ಲಿ ಇನ್ನೊಂದು ರೀತಿ. ಒಂದಕ್ಕೊಂದು ತಾಳೆಯಾಗದೆ ಪ್ರತಿ ಕಿಟಕಿಯಲ್ಲೂ ವಿವರಣೆ. ಇನ್ನೂ ಊರಿನಲ್ಲೇ ಇರುವವರು ಹೊರಡುವ ಮುಂಚೆ ಹೆಸರನ್ನು ಗಿವನ್ ನೇಮ್, ಸರ್‌ನೇಮ್ ಎಂದು ಬೇರ್ಪಡಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲಿಗೆ ಬಂದ ಮೇಲಾದರೆ ಭಾರತದ ದೂತಾವಾಸ ಅಥವಾ ಕಾನ್ಸುಲೇಟ್ ಮೂಲಕ ಮಾಡಿಸಿದ ಮೇಲೆ, ಮೊದಲು ನಗರದ ನೋಂದಣಿ ಕಚೇರಿಯಲ್ಲಿ ತಿದ್ದಿಸಿ. ಅಲ್ಲಿಂದ ತೆರಿಗೆಯವರಿಗೆ ತಾನಾಗಿ ಹೋಗುತ್ತದೆ. ಉಳಿದವರಿಗೆ ನೀವೇ ತಿಳಿಸಬೇಕು.

ಅಂತೂ ಅಪಾಯಿಂಟ್‌ಮೆಂಟ್ ಸಿಕ್ಕಿತು ಅನ್ನಿ. 2025ರ ಮೇ ತಿಂಗಳಿನಿಂದ ಪ್ರಿಂಟ್ ಹಾಕಿದ ಫೋಟೊ ಬದಲು ಡಿಜಿಟಲ್ ಫೋಟೊ ಬಂದಿದೆ. ಮಾನ್ಯತೆ ಇರುವ ಸ್ಟುಡಿಯೊ ಅಥವಾ ಡಿಎಂ ಅಂಗಡಿಯಲ್ಲಿ ತೆಗೆಸಿದರೆ ಒಂದು ಕೋಡ್ ಇರುವ ಚೀಟಿ ಕೊಡುತ್ತಾರೆ, ಅದನ್ನು ಒಯ್ಯಿರಿ. ಮೊದಲ ಕಾರ್ಡಿಗೆ 100 ಯೂರೊ, ಮೂರು ತಿಂಗಳಿಗಿಂತ ಹೆಚ್ಚಿನ ವಿಸ್ತರಣೆಗೆ 93. ಕಾರ್ಡ್ ಅಚ್ಚಾಗುವುದು ಆ ಕಚೇರಿಯಲ್ಲಲ್ಲ, ಬರ್ಲಿನ್‌ನ ಸರ್ಕಾರಿ ಮುದ್ರಣಾಲಯವಾದ ಬುಂಡೆಸ್‌ಡ್ರುಕರೈಯಲ್ಲಿ, ಹಾಗಾಗಿ ಕೆಲವು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಹಳೆಯದು ಮುಗಿಯುವುದಾದರೆ ಕಿಟಕಿ ಬಿಟ್ಟು ಏಳುವ ಮುಂಚೆಯೇ ಫಿಕ್‌ಟ್ಸಿಯೋನ್ಸ್‌ಬೆಶೈನಿಗುಂಗ್ ಕೇಳಿ ಪಡೆಯಿರಿ. ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೊಳ್ಳಿ. ಕಾರ್ಡಿನ ಅವಧಿ ಅದನ್ನು ಮೀರುವುದಿಲ್ಲ. ಪಾಸ್‌ಪೋರ್ಟಿಗೆ ಹದಿನಾಲ್ಕು ತಿಂಗಳು ಉಳಿದಿದ್ದರೆ ಕಾರ್ಡೂ ಅಷ್ಟಕ್ಕೇ ಬರುತ್ತದೆ, ಕೊಟ್ಟ ಶುಲ್ಕ ಮಾತ್ರ ಪೂರ್ತಿ.