ಗಾಲಿಯ ಮೇಲಿನ ಮನೆಯಲ್ಲಿ ಕಡಲ ಊರಿಗೆ

ಐಡಾಹೊ ರಾಜ್ಯದ ಬಾಯ್ಸಿಯಲ್ಲಿ ಒಂಬತ್ತು ವರ್ಷ ಬಾಳಿದ ಮನೆಯ ಬೀಗದ ಕೈಯನ್ನು ಸೆಪ್ಟೆಂಬರಿನ ಕೊನೆಯ ವಾರದಲ್ಲಿ ಕೊಂಡವರಿಗೆ ಒಪ್ಪಿಸಿದಾಗ ನಮಗೆ ಮುಂದಿನ ಮನೆ ಇನ್ನೂ ಸಿಕ್ಕಿರಲಿಲ್ಲ. ಇವರಿಗೆ ಆರೆಗಾನ್ ಕರಾವಳಿಯ ನ್ಯೂಪೋರ್ಟಿನಲ್ಲಿ ಕೆಲಸ ಗೊತ್ತಾಗಿತ್ತು. ನನ್ನದು ಇಂಟರ್‌ನೆಟ್ ಇದ್ದಲ್ಲೆಲ್ಲ ನಡೆಯುವ ಕೆಲಸ. ಆ ಕರಾವಳಿಯ ಸಣ್ಣ ಊರುಗಳಲ್ಲಿ ಎಷ್ಟೋ ಮನೆಗಳು ಪ್ರವಾಸಿಗರಿಗೇ ಮೀಸಲಾಗಿರುವುದರಿಂದ ವರ್ಷವಿಡೀ ಬಾಡಿಗೆಗೆ ಸಿಗುವ ಮನೆ ಅಪರೂಪ, ಫೋಟೋ ನೋಡಿ ಮುಂಗಡ ಕೊಡಲು ನನಗಂತೂ ಮನಸ್ಸು ಒಪ್ಪಲಿಲ್ಲ. ರಜೆಯ ತಿರುಗಾಟಕ್ಕೆಂದು ಇಟ್ಟುಕೊಂಡಿದ್ದ 26 ಅಡಿಯ ಹಳೆಯ ಟ್ರೈಲರಿನಲ್ಲೇ ಸಂಸಾರ ಹೂಡಿ, ಒಂದು ಚಳಿಗಾಲ ಆ ಊರನ್ನು ಕಣ್ಣಾರೆ ಕಂಡ ಮೇಲೆಯೇ ಮನೆ ಹಿಡಿಯುವುದೆಂದು ಇಬ್ಬರೂ ತೀರ್ಮಾನಿಸಿದೆವು. ಆರ್‌ವಿ ಎಂದು ಕರೆಯುವ ಇಂಥ ಗಾಲಿಯ ಮನೆಗಳಲ್ಲಿ ತಾವೇ ಓಡುವಂಥವೂ ಇವೆ, ನಮ್ಮದರಂತೆ ಪಿಕಪ್ಪಿಗೆ ಕಟ್ಟಿ ಎಳೆಯುವಂಥವೂ ಇವೆ. ದಿನವೂ ಕೆಲಸಕ್ಕೆ ಹೋಗಿಬರಬೇಕಾದವರಿಗೆ ಎಳೆಯುವ ಗಾಡಿಯೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಮನೆಯನ್ನು ನಿಂತಲ್ಲೇ ಬಿಟ್ಟು ವಾಹನವನ್ನಷ್ಟೇ ಬಿಡಿಸಿಕೊಂಡು ಹೋಗಬಹುದು.

ಹೊರಡುವ ಮುನ್ನ ಲಾರಿ ತೂಗುವ ಕಾಟಾದ ಮೇಲೆ ಟ್ರೈಲರನ್ನು ನಿಲ್ಲಿಸಿ ನೋಡಿದರೆ, ಬಾಗಿಲ ಪಕ್ಕದ ಪಟ್ಟಿಯಲ್ಲಿ ಬರೆದ ಗರಿಷ್ಠ ತೂಕಕ್ಕಿಂತ ಹೆಚ್ಚೇ ಇತ್ತು. ಒಟ್ಟು ತೂಕದ ಶೇ. 10ರಿಂದ 15ರಷ್ಟು ಪಿಕಪ್ಪಿನ ಹಿಚ್ಚಿನ, ಅಂದರೆ ಟ್ರೈಲರನ್ನು ಕಟ್ಟುವ ಕೊಂಡಿಯ ಮೇಲೆ ಬೀಳಬೇಕು. ಹಿಂಭಾಗದಲ್ಲಿ ಭಾರ ಹೆಚ್ಚಾದರೆ ವೇಗದಲ್ಲಿ ಟ್ರೈಲರ್ ಬಾಲದಂತೆ ಎಡಬಲಕ್ಕೆ ಓಲಾಡತೊಡಗುತ್ತದೆ. ಹಿಂದಿನ ಮಂಚದ ಕೆಳಗೆ ತುಂಬಿದ್ದ ಮೂರು ಪೆಟ್ಟಿಗೆ ಪುಸ್ತಕಗಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು, ರುಬ್ಬುವ ಯಂತ್ರವನ್ನು ಅಚ್ಚಿನ ಮುಂದಕ್ಕೆ ಸರಿಸಿ ಹೊರಟೆವು.

ಇಂಟರ್‌ಸ್ಟೇಟ್ 84 ಹೆದ್ದಾರಿ ಸ್ನೇಕ್ ನದಿಯನ್ನು ದಾಟಿ ಆರೆಗಾನಿಗೆ ಹೊಕ್ಕು, ಮತ್ತೊಮ್ಮೆ ಆ ನದಿಯ ದಡಕ್ಕೆ ಬರುವ ತಾಣಕ್ಕೆ ಫೇರ್‌ವೆಲ್ ಬೆಂಡ್ ಎಂಬ ಹೆಸರು. 1840ರ ದಶಕದಿಂದ ಮಿಸೌರಿಯ ಕಡೆಯಿಂದ ಸುಮಾರು 3,200 ಕಿ.ಮೀ. ಉದ್ದದ ಹಾದಿ ಹಿಡಿದು ಎತ್ತಿನ ಬಂಡಿ ಹೊಡೆದುಕೊಂಡು ಬಂದ ವಲಸಿಗರು, ಬಹುದೂರ ಜೊತೆಗಿದ್ದ ನದಿಯನ್ನು ಅಲ್ಲಿ ಬೀಳ್ಕೊಟ್ಟು ಬೆಟ್ಟಗಳತ್ತ ತಿರುಗುತ್ತಿದ್ದರು. ಬಂಡಿಯ ತುಂಬ ಸಾಮಾನು ಇದ್ದುದರಿಂದ ಹೆಚ್ಚಿನವರು ಅದರ ಪಕ್ಕದಲ್ಲಿ ನಡೆದೇ ಬಂದರು. ಮೊದಲ ರಾತ್ರಿ ಅಲ್ಲಿನ ಸ್ಟೇಟ್ ಪಾರ್ಕ್ ಎಂಬ ಸರ್ಕಾರಿ ಉದ್ಯಾನದಲ್ಲಿ ತಂಗಿ, ಅನ್ನ ಸಾರು ಮಾಡಿಕೊಂಡು ಕತ್ತಲಲ್ಲಿ ನದಿಯ ಕಡೆ ನೋಡುತ್ತಾ ಕುಳಿತಾಗ, ಏನನ್ನು ಬಿಡಬೇಕು, ಏನನ್ನು ಹೊರಬೇಕು ಎಂಬ ಲೆಕ್ಕವನ್ನು ಅವರೂ ನಮ್ಮಂತೆಯೇ ಹಾಕಿದ್ದರಲ್ಲ ಎನ್ನಿಸಿತು.

ಮರುದಿನ ಬೇಕರ್ ಸಿಟಿ, ಲಾ ಗ್ರ್ಯಾಂಡ್ ದಾಟಿ ಬ್ಲೂ ಮೌಂಟನ್ಸ್ ಏರಿದೆವು. ಏರುವುದು ಕಷ್ಟವಾಗಲಿಲ್ಲ, ಪೆಂಡಲ್ಟನ್ನಿಗೆ ಇಳಿಯುವ, ಲಾರಿಯವರು ಕ್ಯಾಬೇಜ್ ಹಿಲ್ ಎಂದು ಕರೆಯುವ ಘಾಟಿಯೇ ನಿಜವಾದ ಪರೀಕ್ಷೆ. ಸುಮಾರು 10 ಕಿ.ಮೀ. ಒಳಗೆ ರಸ್ತೆ 600 ಮೀಟರಿನಷ್ಟು ಕೆಳಗಿಳಿಯುತ್ತದೆ, ನಡುವೆ ಹಿಮ್ಮುರಿ ತಿರುವುಗಳಿವೆ. ಬ್ರೇಕ್ ಒತ್ತಿಹಿಡಿದೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆಂದು, ನೆತ್ತಿಯಲ್ಲೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿನ ತಡೆಯನ್ನೇ ನಂಬಿ, ಆಗಾಗ ಒಮ್ಮೆ ಬ್ರೇಕ್ ಒತ್ತಿ ಬಿಡುತ್ತಾ ಇವರು ಇಳಿಸಿದರು. ಆ ಇಪ್ಪತ್ತು ನಿಮಿಷ ನಾವು ಒಂದು ಮಾತನ್ನೂ ಆಡಲಿಲ್ಲ. ಕೊಲಂಬಿಯಾ ನದಿಯ ಕಣಿವೆಯಲ್ಲಿ ಸರದಿ ಗಾಳಿಯದು. ಹುಡ್ ರಿವರ್ ಎಂಬ ಊರು ಹಾಯಿಹಲಗೆಯ ಆಟಕ್ಕೆ ಹೆಸರಾಗಿರುವುದೇ ಆ ಗಾಳಿಯಿಂದ. ಎತ್ತರದ ಗೋಡೆಯ ಟ್ರೈಲರಿಗೆ ಅದು ಎದುರಿನಿಂದ ಬಂದು ಅಪ್ಪಳಿಸುತ್ತಿತ್ತು. ಗಂಟೆಗೆ 80 ಕಿ.ಮೀ. ಮೀರದೆ, 189 ಮೀಟರ್ ಎತ್ತರದ ಮಲ್ಟ್‌ನೋಮಾ ಜಲಪಾತವನ್ನು ಕಿಟಕಿಯಿಂದಲೇ ಕಂಡು ಮುಂದೆ ಸಾಗಿದೆವು, ಏಕೆಂದರೆ ಅಲ್ಲಿ ನಮ್ಮಷ್ಟು ಉದ್ದದ ಗಾಡಿಗೆ ಜಾಗ ಸಿಗುವ ಭರವಸೆ ಇರಲಿಲ್ಲ.

ಕಡಲು ಮೊದಲು ಕಂಡದ್ದು ಅಸ್ಟೋರಿಯಾದ ಬಳಿಯ ಫೋರ್ಟ್ ಸ್ಟೀವನ್ಸ್ ಪಾರ್ಕಿನಲ್ಲಿ, 1906ರಲ್ಲಿ ದಡಕ್ಕೆ ಬಡಿದ ಪೀಟರ್ ಐರೆಡೇಲ್ ಹಡಗಿನ ತುಕ್ಕು ಹಿಡಿದ ಅಸ್ಥಿಪಂಜರದ ಹಿಂದೆ. ಕಬ್ಬಿಣವನ್ನು ಉಪ್ಪುಗಾಳಿ ಏನು ಮಾಡುತ್ತದೆಂಬುದನ್ನು ಅಲ್ಲಿ ನಿಂತು ನೋಡಿದ ಇವರು ಸಂಜೆಯೇ ನಮ್ಮ ಟ್ರೈಲರಿನ ಚೌಕಟ್ಟನ್ನು ಸಿಹಿನೀರಿನಲ್ಲಿ ತೊಳೆದರು. ಅಲ್ಲಿಂದ ಹೆದ್ದಾರಿ 101 ಹಿಡಿದು ದಕ್ಷಿಣಕ್ಕೆ, ಕ್ಯಾನನ್ ಬೀಚಿನ ಹೇಸ್ಟ್ಯಾಕ್ ಬಂಡೆ, ಟಿಲ್ಲಮೂಕಿನ ಹುಲ್ಲುಗಾವಲು, ಲಿಂಕನ್ ಸಿಟಿ ದಾಟಿ ನ್ಯೂಪೋರ್ಟ್ ಸೇರಿದೆವು. ಆರೆಗಾನಿನ ಸಮುದ್ರತೀರದಲ್ಲಿ ಸಾರ್ವಜನಿಕರ ಹಕ್ಕನ್ನು 1967ರ ಕಾನೂನು ಕಾಪಾಡಿಟ್ಟಿದೆ. ಯಾರ ಬೇಲಿಯೂ ಅಡ್ಡ ಬಾರದೆ ಮರಳಿನ ಮೇಲೆ ನಡೆಯಬಹುದೆಂಬ ಈ ಒಂದು ವಿಷಯವೇ ಇಲ್ಲಿಗೆ ಬರಲು ನನಗೆ ಸಾಕಾಗಿತ್ತು.

ಊರು ತಲುಪುವುದು ಬೇರೆ, ಅಲ್ಲಿ ನೆಲೆ ಕಾಣುವುದು ಬೇರೆ. ಸ್ಟೇಟ್ ಪಾರ್ಕುಗಳಲ್ಲಿ 17 ದಿನಗಳಲ್ಲಿ 14 ರಾತ್ರಿಗಿಂತ ಹೆಚ್ಚು ತಂಗುವಂತಿಲ್ಲ. ತಿಂಗಳ ಲೆಕ್ಕದಲ್ಲಿ ಜಾಗ ಕೊಡುವ ಒಂದು ಖಾಸಗಿ ಪಾರ್ಕಿನಲ್ಲಿ, ಹತ್ತು ವರ್ಷಕ್ಕಿಂತ ಹಳೆಯ ಗಾಡಿಯನ್ನು ಸೇರಿಸುವುದಿಲ್ಲವೆಂದರು. ನಮ್ಮದಕ್ಕೆ ಹನ್ನೆರಡು ತುಂಬಿತ್ತು. ಒಳಗೆ ಬಂದು ನೋಡಿ ಎಂದು ಕೇಳಿಕೊಂಡರೂ ಒಪ್ಪಲಿಲ್ಲ. ಅಚ್ಚುಕಟ್ಟಾಗಿ ಇಟ್ಟುಕೊಂಡ ಮನೆಯನ್ನು ಕೇವಲ ಹುಟ್ಟಿದ ವರ್ಷ ನೋಡಿ ತಿರಸ್ಕರಿಸುವುದು ಅನ್ಯಾಯವೆಂದು ನನಗೆ ಈಗಲೂ ಅನ್ನಿಸುತ್ತದೆ. ಇನ್ನೊಂದು ಪಾರ್ಕು ಅಳಿವೆಯ ಅಂಚಿನಲ್ಲಿ, ಬಹಳ ಸುಂದರವಾಗಿತ್ತು, ಆದರೆ ಸುನಾಮಿ ಅಪಾಯವಲಯವೆಂಬ ನೀಲಿ ಫಲಕ ಅದರ ಬಾಗಿಲಲ್ಲೇ ಇತ್ತು. ಈ ಕರಾವಳಿಯಾಚೆ ಕಡಲಿನಡಿಯಲ್ಲಿ ಕ್ಯಾಸ್ಕೇಡಿಯಾ ಎಂಬ ಭೂಫಲಕಗಳ ಸಂಧಿಯಿದೆ. 1700ರ ಜನವರಿ 26ರಂದು ಅಲ್ಲಿ ಸುಮಾರು 9ರ ತೀವ್ರತೆಯ ಭೂಕಂಪವಾದದ್ದು ಜಪಾನಿನ ತೀರಕ್ಕೆ ಬಂದ ಅಲೆಗಳ ದಾಖಲೆಗಳಿಂದ ತಿಳಿದುಬಂದಿದೆ. ಅಂಥದ್ದು ಮತ್ತೆ ನಡೆದರೆ ಎತ್ತರಕ್ಕೆ ನಡೆದು ಹೋಗಲು ಸಿಗುವ ಹೊತ್ತು ಕೆಲವೇ ನಿಮಿಷಗಳದು. ಕೊನೆಗೆ ನಾವು ಗುಡ್ಡದ ಓರೆಯಲ್ಲಿ, ಕಡಲು ಕಾಣದ ಒಂದು ಜಾಗವನ್ನು ಹಿಡಿದೆವು.

ನವೆಂಬರಿನಲ್ಲಿ ಮಳೆ ಹಿಡಿಯಿತು. ಮಲೆನಾಡಿನಲ್ಲಿ ಬೆಳೆದ ನಮಗೆ ಮಳೆ ಹೊಸದಲ್ಲ; ಅಸ್ಟೋರಿಯಾದ ವರ್ಷದ ಮಳೆ ಸುಮಾರು 1,700 ಮಿ.ಮೀ. ಎಂದು ಓದಿದಾಗ, ಇಷ್ಟೇಯೇ ಎಂದುಕೊಂಡಿದ್ದೆ. ಆದರೆ ಇಲ್ಲಿ ಬೇಸಿಗೆ ಒಣಗಿರುತ್ತದೆ, ಮಳೆಯೆಲ್ಲ ಚಳಿಗಾಲದ್ದು, ನೆನೆದದ್ದನ್ನು ಒಣಗಿಸುವ ಬಿಸಿಲೇ ಇರುವುದಿಲ್ಲ. ಎರಡೇ ವಾರದಲ್ಲಿ ಕಿಟಕಿಯ ಅಲ್ಯುಮಿನಿಯಂ ಚೌಕಟ್ಟಿನಿಂದ ನೀರು ಇಳಿಯತೊಡಗಿತು. ಹಾಸಿಗೆ ಎತ್ತಿ ನೋಡಿದರೆ ಅಡಿಯ ಹಲಗೆಯ ಮೇಲೆ ಕಪ್ಪು ಬೂಷ್ಟು. ಸೂರು ಸೋರುತ್ತಿದೆಯೆಂದು ಹೆದರಿ ಇವರು ಏಣಿ ಹಾಕಿ ಹತ್ತಿ ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಿದರು, ಎಲ್ಲಿಯೂ ಬಿರುಕಿರಲಿಲ್ಲ. ನೀರು ಒಳಗಿನಿಂದಲೇ ಬರುತ್ತಿತ್ತು. ಇಬ್ಬರ ಉಸಿರು, ಸ್ನಾನದ ಹಬೆ, ಕುಕ್ಕರಿನ ಆವಿ ಎಲ್ಲವೂ ಅಷ್ಟು ಚಿಕ್ಕ ಜಾಗದಲ್ಲಿ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ; ಇದರ ಜೊತೆಗೆ ಒಲೆಯ ಅನಿಲವಾದ ಪ್ರೊಪೇನ್ ಒಂದು ಕಿಲೋ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಮನೆ ಬಿಸಿಮಾಡುವ ಗೋಡೆಯ ಫರ್ನೇಸಿನ ಹೊಗೆ ಹೊರಗೆ ಹೋಗುವುದರಿಂದ ಅದರದೇನೂ ತಪ್ಪಿಲ್ಲ, ಒಲೆಯದ್ದು ಮಾತ್ರ ಮನೆಯೊಳಗೇ ಉಳಿಯುತ್ತದೆ.

ಅಂದಿನಿಂದ ಅಡುಗೆ ಇಂಡಕ್ಷನ್ ಒಲೆಗೆ ಬದಲಾಯಿತು, ಮಂಚದ ಮೇಲೆ ಗಾಳಿಯಾಡಲು ಮರದ ರೀಪುಗಳು ಬಂದವು, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಹಗಲಿರುಳು ಓಡಿತು. ಅದರ ಡಬ್ಬಿಯ ನೀರನ್ನು ಪ್ರತಿ ಬೆಳಿಗ್ಗೆ ಚೆಲ್ಲುವುದು ನನ್ನ ಕೆಲಸ, ಬಚ್ಚಲ ನೀರಿನ ಮತ್ತು ಶೌಚದ ಟ್ಯಾಂಕುಗಳನ್ನು ಖಾಲಿ ಮಾಡುವುದು ಇವರದು. ನಮ್ಮ 30 ಆಂಪಿಯರ್ ಸಂಪರ್ಕದಲ್ಲಿ 3,600 ವಾಟ್ ಮಾತ್ರ ಸಿಗುತ್ತಿದ್ದುದರಿಂದ ವಿದ್ಯುತ್ ಹೀಟರ್ ಉರಿಯುವಾಗ ಇಂಡಕ್ಷನ್ ಹಚ್ಚಬೇಕಾದರೆ, “ರೀ, ಒಲೆ ಹಚ್ಚಲಾ?” ಎಂದು ಕೇಳಿಯೇ ಹಚ್ಚುತ್ತಿದ್ದೆ.

ಫೆಬ್ರುವರಿಯಲ್ಲಿ ಯಕ್ವಿನಾ ಕೊಲ್ಲಿಯ ಮೇಲಿನ ದಿಣ್ಣೆಯಲ್ಲಿ ಒಂದು ಸಣ್ಣ ಮನೆ ಬಾಡಿಗೆಗಿರುವುದನ್ನು ಸಂಜೆಯ ನಡಿಗೆಯಲ್ಲಿ ಕಂಡೆವು. ಒಡತಿ ಅಡುಗೆಮನೆ ತೋರಿಸಲು ಹೊರಟರೆ, ನಾನು ಉತ್ತರ ದಿಕ್ಕಿನ ಕೋಣೆಯ ಬಟ್ಟೆಯ ಕಪಾಟನ್ನು ತೆರೆದು ಹಿಂಬದಿಯ ಗೋಡೆಯ ಮೇಲೆ ಕೈಯಾಡಿಸಿದೆ. ಇವರು ಸುನಾಮಿ ನಕ್ಷೆಯಲ್ಲಿ ಬೀದಿಯನ್ನು ಹುಡುಕಿದರು. ಗೋಡೆ ಒಣಗಿತ್ತು, ಬೀದಿ ಗೆರೆಯ ಹೊರಗಿತ್ತು. ಮಾರ್ಚಿನ ಮೊದಲ ಭಾನುವಾರ ಟ್ರೈಲರಿನ ನೀರಿನ ಕೊಳವೆಗಳನ್ನೆಲ್ಲ ಬರಿದು ಮಾಡಿ, ಉಪ್ಪುಗಾಳಿ ತಾಗದ ವಿಲಾಮೆಟ್ ಕಣಿವೆಯ ಒಂದು ಮಾಡಿನಡಿಗೆ ಅದನ್ನು ಒಯ್ದು ನಿಲ್ಲಿಸಿ, ಗಾಲಿಗಳಿಗೆ ಅಡ್ಡ ಕೊಟ್ಟು, ಬರೀ ಪಿಕಪ್ಪಿನಲ್ಲಿ ಕಡಲ ಕಡೆಗೆ ಮರಳಿದೆವು.